ಬೆನ್ನು ತೋರಿಸಿ ನಿಂತವರು

ಭಾನುವಾರದ ಆರಾಧನೆ ಮುಗಿದು, ಕೊನೆಯ ಕೀರ್ತನೆಯ ಎಳೆದಾಟವೂ ಮುಗಿದು, ಗಂಡಸರು ಗೂಟದ ಮೇಲಿನ ಟೋಪಿಗೆ ಕೈ ಹಾಕುವ ಹೊತ್ತಿಗೆ ಬೋಧಕ ಅಬ್ರಾಮ್ ವೀಬೆ ಎದ್ದು ನಿಂತು ಕೆಮ್ಮಿದ. ಅವನು ಕೆಮ್ಮಿದ ಅಂದರೆ ಯಾರದೋ ಮನೆಗೆ ಗ್ರಹಚಾರ ಬಡಿಯಿತು ಅಂತಲೇ ಲೆಕ್ಕ.

"ಬುಧವಾರ ಬೆಳಿಗ್ಗೆ ಸಭಾಹಿರಿಯ ಪ್ಲೆಟ್ಟರೂ ನಾನೂ ಆರೊನ್ ಹೆಪ್ನರ್ ಮನೆಗೆ ಬರ್ತೀವಿ. ಅವನು ಚಿತ್ರ ತೆಗೆದಿಟ್ಟಿರೋ ಗಾಜುಗಳನ್ನೆಲ್ಲಾ ನೋಡ್ತೀವಿ. ಹೊಲ, ಹಸು, ಜನರ ಬೆನ್ನು ಇದ್ರೆ ಇಟ್ಕೊಳ್ಳಲಿ. ಬದುಕಿರೋರ ಮುಖ ಇರೋ ಗಾಜು ಸಿಕ್ಕಿದ್ರೆ ಅಲ್ಲೇ ಒಡೀತೀವಿ. ಬಚ್ಚಿಟ್ಟ ಅಂತ ಗೊತ್ತಾದ್ರೆ, ಗುರುವಾರದ ಕೂಟದಲ್ಲಿ ಅವನು ಸಭೆಯಿಂದ ಹೊರಗೆ."

ಸಭೆಯಿಂದ ಹೊರಗೆ ಅಂದರೆ ಏನು ಅಂತ ನಮ್ಮ ಬಿರ್ಕೆನ್‌ಟಾಲ್ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅವನ ಗೋಧಿ ಕೊಯ್ಯಲು ಯಾರೂ ಹೋಗುವುದಿಲ್ಲ. ಅವನ ಕೈ ಯಾರೂ ಕುಲುಕುವುದಿಲ್ಲ. ಸ್ವಂತ ಮಗಳು ಅಪ್ಪನಿಗೆ ಬೇರೆ ಮೇಜಿನ ಮೇಲೆ ಊಟ ಬಡಿಸಬೇಕು. ಮ್ಯಾನಿಟೋಬಾದ ಆ ಬಟ್ಟಬಯಲಿನಲ್ಲಿ, ಎರಡು ಸಾಲು ಮನೆ, ನಡುವೆ ಒಂದು ಬೀದಿ ಇರುವ ಮೆನೊನೈಟ್ ಪಂಗಡದ ಕ್ರೈಸ್ತರ ಊರಿನಲ್ಲಿ ಒಬ್ಬನಿಗೆ ಅದಕ್ಕಿಂತ ದೊಡ್ಡ ಸಾವು ಇರಲಿಲ್ಲ.

ಆರೊನ್ ಟೋಪಿಯ ಅಂಚನ್ನು ತಿರುಗಿಸುತ್ತಾ ಕೂತೇ ಇದ್ದ. ಆಚೆ ಹೆಂಗಸರ ಸಾಲಿನಲ್ಲಿ ಅವನ ಮಗಳು ನೇಟ ಕುತ್ತಿಗೆ ಎತ್ತಿ ಅಪ್ಪನ ಕಡೆಗೇ ನೋಡುತ್ತಿದ್ದಳು. ಅಪ್ಪ ಮಗಳಿಬ್ಬರಿಗೂ ಗೊತ್ತಿತ್ತು: ಬದುಕಿದ್ದಾಗ ತೆಗೆದ ಮುಖ ಇರುವ ಗಾಜು ಒಂದಿದೆ, ಒಂದೇ ಒಂದು. ಅದು ಕಳೆದ ಹಿಮಗಾಲದ ಮೊದಲಿಗೆ ಮಣ್ಣಾದ ಯುಸ್ಟೀನಾಳ ಮುಖ. ಅವನ ಹೆಂಡತಿ, ಇವಳ ಅಮ್ಮ.

ಸಭಾಹಿರಿಯ ಯೋಹಾನ್ ಪ್ಲೆಟ್ ಬೇರೆ ಯಾರೂ ಅಲ್ಲ, ಆ ಯುಸ್ಟೀನಾಳ ಒಡಹುಟ್ಟಿದ ಅಣ್ಣ. ಹಾಗಂತ ಸಲಿಗೆ ಸಿಕ್ಕೀತು ಅಂದುಕೊಂಡವರು ಅವರನ್ನು ಕಂಡವರಲ್ಲ. ಹೆತ್ತ ಮಗ ಮೋಟಾರು ಗಾಡಿ ಕೊಂಡ ಅಂತ ಅವನನ್ನೇ ಸಭೆಯಿಂದ ಹೊರಗೆ ಹಾಕಿ, ವರ್ಷವಿಡೀ ಅವನಿಗೆ ಬೇರೆ ಮೇಜು ಹಾಕಿಸಿದ ಮನುಷ್ಯ. ಬಂಡೆಯನ್ನಾದರೂ ಕರಗಿಸಬಹುದು, ಪ್ಲೆಟ್ಟರನ್ನು ಕರಗಿಸಲಾಗದು ಅಂತ ಜನ ಆಡಿಕೊಳ್ಳುತ್ತಿದ್ದರು, ಅವರ ಬೆನ್ನ ಹಿಂದೆ ಮಾತ್ರ.

ಇಷ್ಟಕ್ಕೆಲ್ಲಾ ಕಾರಣ ಪೇಟೆಯವರ ಕಿತಾಪತಿ. ಶಾಲೆ ತನಿಖೆ ಅಂತ ಬಂದ ಯಾರೋ ಕೋಟುಧಾರಿಗಳು, ಆರಾಧನೆ ಮುಗಿಸಿ ಬರುತ್ತಿದ್ದ ನಮ್ಮ ಮುದುಕಿಯರ ಎದುರಿಗೇ ಕ್ಯಾಮೆರಾ ಹಿಡಿದು, ಅದನ್ನು ಪತ್ರಿಕೆಯಲ್ಲಿ ಹಾಕಿ, ಕೆಳಗೆ ನಗುವಂಥ ಮಾತು ಬರೆದಿದ್ದರು. ಪೇಟೆಯವರನ್ನು ಏನು ಮಾಡಲಾದೀತು? ಊರಲ್ಲಿ ಕ್ಯಾಮೆರಾ ಇದ್ದವನು ಆರೊನ್ ಒಬ್ಬನೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಆರೊನ್ ಹೆಪ್ನರನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮೂರಲ್ಲಿ ಆರೊನ್ ಹೆಪ್ನರ್ ಅಂತ ಮೂರು ಜನ ಇದ್ದರು. ಒಬ್ಬ ಕುಂಟ ಹೆಪ್ನರ್, ಒಬ್ಬ ಹಂದಿ ಹೆಪ್ನರ್, ಇವನು ಗಾಜಿನ ಹೆಪ್ನರ್. ಹರೆಯದಲ್ಲಿ ರೈಲು ರಸ್ತೆಯ ಕೆಲಸಕ್ಕೆ ಹೋಗಿದ್ದಾಗ ಒಬ್ಬ ಮೇಸ್ತ್ರಿಯಿಂದ ಹಳೆಯ ಕ್ಯಾಮೆರಾ ತಂದ. ಕೂಲಿಯ ಬದಲು ಅದನ್ನು ತಂದ ಅಂತ ಅವನ ಅಪ್ಪ ಆ ಚಳಿಗಾಲವೆಲ್ಲಾ ಅವನ ಜೊತೆ ಮಾತು ಬಿಟ್ಟಿದ್ದ. ಆಲೂಗಡ್ಡೆ ಗುಡ್ಡೆ ಹಾಕಿದ ನೆಲಮಾಳಿಗೆಯಲ್ಲಿ, ಉಪ್ಪಿನಲ್ಲಿ ಹಾಕಿದ ಕೋಸಿನ ಪೀಪಾಯಿಯ ಪಕ್ಕದಲ್ಲಿ, ಕೆಂಪು ದೀಪ ಇಟ್ಟುಕೊಂಡು, ಕ್ಯಾಮೆರಾದ ಗಾಜನ್ನು ಔಷಧಿಯಲ್ಲಿ ತೊಳೆದು ಚಿತ್ರ ಮೂಡಿಸುವುದನ್ನು ಅವನು ತಾನೇ ಕಲಿತ. ಅವನ ಔಷಧಿಯ ನಾತವೂ ಕೋಸಿನ ಹುಳಿ ನಾತವೂ ಸೇರಿ, ಮನೆಗೆ ಬಂದವರು ಮೂಗು ಮುಚ್ಚಿಕೊಂಡೇ ಕಾಫಿ ಕುಡಿಯಬೇಕಿತ್ತು.

ಮೊದಲ ಸಲ ಅವನು ಕ್ಯಾಮೆರಾ ಹಿಡಿದದ್ದು ಬೀದಿ ಕೊನೆಯ ಮುದುಕಿ ಸೂಶ್ ಅತ್ತೆಯ ಎದುರು. ಅತ್ತೆ ಒಲೆಯ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. ಇವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದೇ ತಡ, ಮಣ್ಣಿನ ಮುದ್ದೆ ಹಾರಿ ಬಂದು ಬಟ್ಟೆಗೆ ಬಡಿಯಿತು.

"ಏನೋ ಅದು, ಕತ್ತೆ! ನಾನು ಅದರ ಕಡೆ ನೋಡ್ಕೊಂಡು ನಿಂತ್ರೆ ಜಂಭದ ಪಾಪ ನಂಗೆ ಬರತ್ತೆ."

"ಹಾಗಾದ್ರೆ ನೋಡ್ಬೇಡಿ ಅತ್ತೆ. ಆ ಕಡೆ ತಿರುಗಿ. ನೀವು ನಿಮ್ಮ ಕೆಲಸ ಮಾಡಿ, ನಾನು ನನ್ನ ಕೆಲಸ ಮಾಡ್ತೀನಿ. ಪಾಪ ಇದ್ರೆ ಅದು ನಂದು."

ಅತ್ತೆ ಸ್ವಲ್ಪ ಯೋಚಿಸಿದಳು. ಗೋಡೆಯ ಕಡೆ ತಿರುಗಿದಳು. "ಬೇಗ ಮುಗಿಸು, ಸೊಂಟ ನೋಯ್ತಿದೆ," ಅಂದಳು.

ಅಲ್ಲಿಂದ ಅದೇ ಕಟ್ಟಳೆಯಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆರೊನ್ ಮೂರುಕಾಲಿನ ಗೂಟ ಊರಿದ ಅಂದರೆ ಜನ ತಾವಾಗಿ ಬೆನ್ನು ತಿರುಗಿಸುತ್ತಿದ್ದರು. ಹಂದಿ ಕೊಯ್ಯುವ ದಿನ ಬಾಣಲೆಯ ಸುತ್ತ ನಿಂತ ಗಂಡಸರ ಬೆನ್ನು. ತೆನೆ ಬಡಿಯುವ ಯಂತ್ರದ ಮೇಲೆ ಹೊಗೆಯೊಳಗೆ ಬೆನ್ನು. ಬೇಲಿಗೆ ಒರಗಿ ಸೂರ್ಯಕಾಂತಿ ಬೀಜ ಜಗಿಯುವ ಹುಡುಗಿಯರ ಜಡೆ. ಹಸು ಹೊಡೆದುಕೊಂಡು ಹೋಗುವ ಗೋವಳನ ಹಿಂದಿನಿಂದ ಅವನ ಹರಿದ ಚಡ್ಡಿ. ಊರಿನ ಬದುಕೆಲ್ಲಾ ಆ ಗಾಜುಗಳಲ್ಲಿತ್ತು, ಮುಖ ಮಾತ್ರ ಇರಲಿಲ್ಲ. ಆದರೂ ನಮ್ಮವರು ಕಾಗದಕ್ಕೆ ಇಳಿಸಿದ ಚಿತ್ರ ನೋಡಿ, "ಇದು ನಮ್ಮ ಪೇಟರ್, ಎಡಭುಜ ಇಳಿದಿದೆ ನೋಡು", "ಇವಳು ಲೇನಾ, ಬೇರೆ ಯಾರಿಗಿದೆ ಇಷ್ಟಗಲ ಸೊಂಟ?" ಅಂತ ಗುರುತು ಹಿಡಿಯುತ್ತಿದ್ದರು.

ಎದುರಿಗೆ ಮುಖ ಕೊಡುತ್ತಿದ್ದವರು ಸತ್ತವರು ಮಾತ್ರ. ಸತ್ತವರಿಗೆ ಜಂಭ ಎಲ್ಲಿಂದ ಬರಬೇಕು? ಶವದ ಪೆಟ್ಟಿಗೆ ಮುಚ್ಚುವ ಮುಂಚೆ ಆರೊನ್‌ಗೆ ಹೇಳಿಕಳಿಸುತ್ತಿದ್ದರು. ಅದಕ್ಕೆ ಸಭೆಯೂ ಅಡ್ಡಿ ಹೇಳಿರಲಿಲ್ಲ. ಹಾಗಾಗಿ ಅವನಿಗೆ ಕಣ್ಣು ಮುಚ್ಚಿದ ಮುಖಗಳು ಗೊತ್ತು, ಕಣ್ಣು ತೆರೆದವರ ಬೆನ್ನು ಗೊತ್ತು.

ಯುಸ್ಟೀನಾ ಮದುವೆಯಾಗಿ ಬಂದಾಗ ಅವಳಿಗೂ ಅದೇ ಮಾತು: "ಆ ಕಡೆ ತಿರುಗು." ಹಾಲು ಕರೆಯುವಾಗ, ಜೋಡಿಬನ್ನು ಸುಡುವಾಗ, ನೇಟಳನ್ನು ಕಂಕುಳಲ್ಲಿ ಎತ್ತಿಕೊಂಡು ಕೋಳಿಗೆ ಕಾಳು ಹಾಕುವಾಗ, ಅವಳು ತಿರುಗುತ್ತಲೇ ಇದ್ದಳು. ಹಾಗೆ ವರ್ಷಗಳೇ ಕಳೆದವು. ಒಂದು ದಿನ, ಅವಳು ಸಾಯುವ ವರ್ಷದ ವಸಂತ, ಅಡುಗೆಮನೆಯಲ್ಲಿ ಅವನು ಎಂದಿನಂತೆ ಗೂಟ ಊರಿ, "ತಿರುಗು ಮಾರಾಯ್ತಿ," ಅಂದ. ಅವಳು ಕೈಯಲ್ಲಿ ಕಾಫಿ ಪಾತ್ರೆ ಹಿಡಿದು ತಿರುಗಿದಳು. ಆದರೆ ಅವನ ಕಡೆಗೆ.

"ಏನು ಮಾಡ್ತಿದ್ದೀ?"

"ನಿನ್ನ ಪೆಟ್ಟಿಗೇಲಿ ನನ್ನ ಬೆನ್ನು ತುಂಬಿ ಹೋಗಿದೆ. ಒಂದು ಸಲ ಮುಖಾನೂ ಇರ್ಲಿ ಬಿಡು. ತೆಗಿ, ಕೈ ಸೋಲ್ತಿದೆ."

"ಯುಸ್ಟೀನಾ, ನಿಮ್ಮಣ್ಣ—"

"ನಮ್ಮಣ್ಣ ಏನು ಒಲೆಯೊಳಗೆ ಕೂತು ನೋಡ್ತಿದ್ದಾನಾ? ತೆಗಿ ಅಂದ್ನಲ್ಲ."

ಅವನು ತೆಗೆದ. ಅಡುಗೆಮನೆಯ ಮಬ್ಬು ಬೆಳಕಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಕಣ್ಣು ಪಿಳುಕಿಸದೆ ಅವನನ್ನೇ ನೋಡಿದಳು. ತುಟಿಯ ಕೊನೆಯಲ್ಲಿ ಬೈಗುಳವೋ ನಗುವೋ ಗೊತ್ತಾಗದ ಒಂದು ಗೆರೆ ಇತ್ತು. ಮುಗಿದ ಮೇಲೆ ಬೆರಳು ತೋರಿಸಿ ಹೇಳಿದಳು: "ಗಾಜಲ್ಲೇ ಇರ್ಲಿ. ಕಾಗದಕ್ಕೆ ಇಳಿಸ್ಬೇಡ. ಗಾಜಲ್ಲಿದ್ರೆ ನಿಂಗೊಬ್ನಿಗೇ ಕಾಣತ್ತೆ, ಕಾಗದಕ್ಕೆ ಬಂದ್ರೆ ಊರಿಗೆಲ್ಲಾ ಕಾಣತ್ತೆ. ಮಾತು ಕೊಡು."

ಅವನು ಮಾತು ಕೊಟ್ಟ. ನಮ್ಮ ಜನ ಆಣೆ ಇಡುವುದಿಲ್ಲ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಅದಕ್ಕೇ ಕೊಟ್ಟ ಮಾತು ಕಲ್ಲಿನ ಹಾಗೆ ಎದೆ ಮೇಲೆ ಕೂತುಬಿಡುತ್ತದೆ. ಆ ಹಿಮಗಾಲಕ್ಕೆ ಜ್ವರ ಬಂತು. ಮನೆಮನೆಯ ಬಾಗಿಲಿಗೂ ಒಳಗೆ ಜ್ವರ ಇದೆ ಅನ್ನುವ ಹಲಗೆ ಬಡಿದು, ಯಾರೂ ಯಾರ ಮನೆಗೂ ಹೋಗದ ಹಾಗಾಯಿತು. ಆರೊನ್ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗಲೇ ಪಕ್ಕದ ಕೋಣೆಯಲ್ಲಿ ಯುಸ್ಟೀನಾ ಹೋದಳು. ಅವನು ಎದ್ದು ಕೂರುವ ಹೊತ್ತಿಗೆ ನೆರೆಯವರು ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಊರಿನ ಹೆಣಗಳನ್ನೆಲ್ಲಾ ಚಿತ್ರ ತೆಗೆದವನಿಗೆ ಸ್ವಂತ ಹೆಂಡತಿಯ ಕೊನೆಯ ಮುಖ ಸಿಗಲಿಲ್ಲ.

ಉಳಿದದ್ದು ಆ ಗಾಜು. ಗಾಜಿನಲ್ಲಿ ಎಲ್ಲಾ ತಿರುಗುಮುರುಗು. ಬಿಳಿ ಮುಖ ಕಪ್ಪಾಗಿ, ಕಪ್ಪು ಬಟ್ಟೆ ಬಿಳಿಯಾಗಿ ಕಾಣುತ್ತದೆ. ಆದರೆ ಆ ಗಾಜು ಮಬ್ಬು ಬೆಳಕಿನಲ್ಲಿ ತೆಗೆದದ್ದಲ್ಲವೇ, ಚಿತ್ರ ಬಲು ತೆಳುವಾಗಿ ಮೂಡಿತ್ತು. ಹಿಂದೆ ಕಪ್ಪು ಬಟ್ಟೆ ಹಿಡಿದು ಸ್ವಲ್ಪ ವಾಲಿಸಿದರೆ ಮುಖ ಸರಿಯಾಗಿ ಬೆಳ್ಳಗೆ ಎದ್ದು ಬರುತ್ತಿತ್ತು. ಆರೊನ್ ದಿನಾ ಬೆಳಿಗ್ಗೆ ಹಾಲು ಕರೆಯುವ ಮುಂಚೆ ಅವಳ ಕಪ್ಪು ಶಾಲಿನ ಮೇಲೆ ಆ ಗಾಜು ಇಟ್ಟು ಕಿಟಕಿಯ ಹತ್ತಿರ ವಾಲಿಸುತ್ತಿದ್ದ. ಅವಳು ಕಾಫಿ ಪಾತ್ರೆ ಹಿಡಿದು ಎದ್ದು ಬರುತ್ತಿದ್ದಳು. ಆಮೇಲೆ ಅದನ್ನು ಶಾಲಿನಲ್ಲೇ ಸುತ್ತಿ ಚಿಕ್ಕ ಮರದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿಗೆಗೆ ಹೋಗುತ್ತಿದ್ದ. ಅದೊಂದು ಇರದಿದ್ದರೆ ಆ ಚಳಿಗಾಲವನ್ನು ಅವನು ದಾಟುತ್ತಿರಲಿಲ್ಲ ಅಂತ ನೇಟಳಿಗೆ ಗೊತ್ತಿತ್ತು.

ಆ ಭಾನುವಾರ ಗಾಡಿಯಲ್ಲಿ ಮನೆಗೆ ಬರುವಾಗಲೇ ಅವಳು ಬಾಯಿ ಬಿಟ್ಟಳು. "ಅಪ್ಪ, ಬಚ್ಚಿಡೋಣ."

"ಅವರು ಕೇಳ್ತಾರೆ, ನೇಟ."

"ಕೇಳಿದ್ರೆ ಇಲ್ಲ ಅನ್ನಿ."

"ಇರೋದನ್ನ ಇಲ್ಲ ಅನ್ನು ಅಂತೀಯಾ? ಪಂಚಾಶತ್ತಮ ಹಬ್ಬಕ್ಕೆ ದೀಕ್ಷಾಸ್ನಾನ ತಗೊಳ್ಳೋ ಹುಡುಗಿ ನೀನು!"

"ಒಡೆದು ಹಾಕ್ತಾರಪ್ಪ! ಅಮ್ಮನ್ನ ಇನ್ನೊಂದು ಸಲ ಸಾಯಿಸ್ತಾರೆ. ನೀವು ನೋಡ್ಕೊಂಡು ಕೂತಿರ್ತೀರಾ?"

ಆರೊನ್ ಲಗಾಮು ಬಿಗಿಹಿಡಿದ. "ಕೂತಿರ್ತೀನಿ," ಅಂದ. "ಅವಳ ಮುಖ ಉಳಿಸೋಕೆ ಸುಳ್ಳು ಹೇಳಿದ್ರೆ, ನಾಳೆ ಆ ಮುಖ ನೋಡೋಕೆ ನಂಗೆ ಯಾವ ಮುಖ ಇರತ್ತೆ?"

ನೇಟ ಆಮೇಲೆ ತುಟಿ ಬಿಚ್ಚಲಿಲ್ಲ. ಸೋಮವಾರ ಬಟ್ಟೆ ಒಗೆದಳು, ಮಂಗಳವಾರ ಇಸ್ತ್ರಿ ಮಾಡಿದಳು. ಅಪ್ಪನ ಮೇಲೆ ಸಿಟ್ಟು ಅಂತ ಆರೊನ್ ತಿಳಿದ. ಅವಳ ತಲೆಯಲ್ಲಿ ಏನು ಓಡುತ್ತಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಬುಧವಾರ ಬೆಳಗಾಯಿತು. ಹಿಮ ಕರಗಿ ಬೀದಿಯೆಲ್ಲಾ ಕೆಸರು, ಆದರೆ ಬಿಸಿಲು ಚುರುಕಾಗಿತ್ತು. ಆರೊನ್ ಕೊನೆಯ ಸಲ ಅಂತ ಗಾಜನ್ನು ಶಾಲಿನ ಮೇಲೆ ವಾಲಿಸಿ ನೋಡಿದ. "ಹೋಗಿ ಬಾ ಮಾರಾಯ್ತಿ," ಅಂತ ಗಟ್ಟಿಯಾಗಿಯೇ ಹೇಳಿದ. ಪೆಟ್ಟಿಗೆಯಲ್ಲಿಟ್ಟು ಕೊಟ್ಟಿಗೆಗೆ ಹೋಗಿ ಹಾಲು ಕರೆಯುವಾಗ ಕಣ್ಣೀರು ಹಸುವಿನ ಪಕ್ಕೆಗೆ ಒರೆಸಿಕೊಂಡ.

ಕುದುರೆಗಾಡಿ ಬಂತು. ವೀಬೆ ಮೊದಲು ಇಳಿದ, ಹಿಂದೆಯೇ ಸಭಾಹಿರಿಯರು. ಯೋಹಾನ್ ಪ್ಲೆಟ್ ಭಾರಿ ಆಸಾಮಿ. ಅಗಲ ಬೆನ್ನು, ಕಪ್ಪು ಕೋಟು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬಾರದು. ನೇಟ ಕಾಫಿ ತಂದಿಟ್ಟಳು.

ವೀಬೆ ಒಂದೊಂದೇ ಗಾಜು ಎತ್ತಿ ಕಿಟಕಿಗೆ ಹಿಡಿದ. "ಇದೇನಪ್ಪಾ, ಎಲ್ಲಾ ಭೂತಗಳ ಹಾಗೆ! ಬಿಳಿ ಕೋಟು, ಕರಿ ಹಿಮ." ಒಂದು ಗಾಜಿನ ಹತ್ತಿರ ನಿಂತ. "ಇದ್ಯಾರು, ಗಾಡಿ ಹತ್ತೋಕೆ ಒದ್ದಾಡ್ತಿರೋ ಈ ಹಂಡೆ?"

"ನೀವೇ ಬೋಧಕರೇ," ಅಂದ ಆರೊನ್. "ಹೋದ ಸುಗ್ಗೀಲಿ."

ವೀಬೆ ಗಾಜನ್ನು ಬೇಗ ಕೆಳಗಿಟ್ಟ. ಪ್ಲೆಟ್ಟರ ಗಡ್ಡ ಅಲ್ಲಾಡಿದಂತಾಯಿತು. ಆದರೆ ಅವರು ನಕ್ಕದ್ದನ್ನು ಕಂಡವರಿಲ್ಲ, ಹಾಗಾಗಿ ಹೇಳಲಾರೆ.

ಗಾಜುಗಳೆಲ್ಲಾ ಮುಗಿದವು. ಬೆನ್ನು, ಬೆನ್ನು, ಹಸು, ಹೆಣ, ಬೆನ್ನು. ವೀಬೆ ಕೈ ಒರೆಸಿಕೊಂಡು ಕೇಳಿದ: "ಆಯ್ತು. ಈಗ ನೇರ ಹೇಳು ಆರೊನ್. ಬದುಕಿರೋರ ಮುಖ ಇರೋ ಗಾಜು ಈ ಮನೇಲಿ ಇದೆಯಾ? ಹೌದಾ, ಇಲ್ವಾ?"

ಆರೊನ್ ಮೂಲೆಯ ಕಪಾಟಿನ ಕಡೆ ನೋಡಿದ.

"ಹೌದು. ಒಂದು."

ನೇಟ ಒಲೆಯ ಕಡೆ ತಿರುಗಿಬಿಟ್ಟಳು.

"ತೆಗಿ."

ಅವನು ಮೂಲೆಯ ಕಪಾಟಿನಿಂದ ಚಿಕ್ಕ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಕೊಂಡಿ ಬಿಚ್ಚಿದ. ಮುಚ್ಚಳ ಎತ್ತಿದ. ಶಾಲು ಬಿಡಿಸಿದ, ಇನ್ನೊಂದು ಮಡಿಕೆ ಬಿಡಿಸಿದ, ಶಾಲನ್ನು ಪೂರ್ತಿ ಕೊಡವಿದ. ಗಾಜು ಇರಲಿಲ್ಲ.

"ಇಲ್ಲೇ ಇತ್ತು," ಅಂದ. "ಬೆಳಿಗ್ಗೆ ನಾನೇ ಇಟ್ಟೆ. ಇಲ್ಲೇ ಇತ್ತು!"

"ಯಾರ ಕಿವಿಗೆ ಹೂವು ಇಡ್ತೀಯಾ?" ವೀಬೆ ಮೇಜು ಗುದ್ದಿದ. "ಇದೆ ಅಂತಾನೆ, ತೆಗಿ ಅಂದ್ರೆ ಇಲ್ಲ ಅಂತಾನೆ! ಎಲ್ಲಿಟ್ಟಿದ್ದೀ?"

"ಗೊತ್ತಿಲ್ಲ."

"ಗೊತ್ತಿಲ್ಲ! ನಾಳೆ ಕೂಟದಲ್ಲಿ ಎಲ್ಲರ ಎದುರು ಇದೇ ಮಾತು ಹೇಳು, ನೋಡೋಣ."

"ಯಾರ ಮುಖ?" ಅಂದರು ಪ್ಲೆಟ್. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

ಆರೊನ್ ಅವರ ಕಡೆ ನೋಡದೆ ಹೇಳಿದ: "ಯುಸ್ಟೀನಾ, ಹಿರಿಯರೇ."

ಪ್ಲೆಟ್ ಆ ಶಾಲನ್ನು ನೋಡಿದರು. ಆಮೇಲೆ, "ಅಬ್ರಾಮ್, ಕುದುರೆಗೆ ನೀರು ಕುಡಿಸು," ಅಂದರು.

"ಕುದುರೆ ಈಗ ತಾನೇ—"

"ಕುಡಿಸು ಅಂದೆ."

ವೀಬೆ ಬಾಗಿಲು ಬಡಿದುಕೊಂಡು ಹೋದ. ಪ್ಲೆಟ್ ಬೆಂಚಿನ ಮೇಲೆ ಕೂತು ಶಾಲನ್ನು ಕೈಗೆ ತೆಗೆದುಕೊಂಡರು. ಅವರ ದನಿ ಇಳಿಯಿತು.

"ಅವಳು ಹೋದಾಗ ನಮ್ಮನೆ ಬಾಗಿಲಿಗೂ ಹಲಗೆ ಬಡಿದಿದ್ರು. ನಾನು ಬರೋ ಹೊತ್ತಿಗೆ ಮೊಳೆ ಹೊಡೆದಿತ್ತು. ಅಮ್ಮ ಸತ್ತಾಗ ಅವಳಿನ್ನೂ ತೊಟ್ಟಿಲಲ್ಲಿದ್ಲು, ಆರೊನ್. ಎತ್ತಿ ಸಾಕಿದವನು ನಾನು. ಈಗ ಕಣ್ಣು ಮುಚ್ಚಿದ್ರೆ ಅವಳ ದನಿ ಬರತ್ತೆ, ಮುಖ ಬರೋದಿಲ್ಲ. ಹೋದ ತಿಂಗಳಿಂದ ಬರ್ತಾನೇ ಇಲ್ಲ." ಅವರು ತಲೆ ಎತ್ತಿದರು. "ನಿಜ ಹೇಳು. ಎಲ್ಲಿದೆ ಗೊತ್ತಾ?"

"ನಿಜವಾಗ್ಲೂ ಗೊತ್ತಿಲ್ಲ ಭಾವ." ಅಷ್ಟು ಹೇಳಿ ಆರೊನ್‌ನ ಕಣ್ಣು ಮಗಳ ಮೇಲೆ ಬಿತ್ತು. ಬೆಳಗಿನಿಂದ ಅವಳು ಏಪ್ರನ್ ಕಟ್ಟಿರಲಿಲ್ಲ. ಉಗುರಲ್ಲಿ ಮಣ್ಣಿತ್ತು. ಎಲ್ಲಾ ಒಂದೇ ಸಲಕ್ಕೆ ಹೊಳೆಯಿತು. ಅಪ್ಪನ ಬಾಯಿಂದ ಸುಳ್ಳು ಬರಬಾರದು, ಗಾಜೂ ಉಳಿಯಬೇಕು. ಅದಕ್ಕೇ ಅವನಿಗೆ ಹೇಳದೆ ಒಯ್ದಿದ್ದಾಳೆ. ಈಗ ಭಾವ ಇನ್ನೊಂದು ಪ್ರಶ್ನೆ ಕೇಳಿದರೆ ಮುಗಿಯಿತು, ಮಗಳನ್ನೇ ಹಿಡಿದುಕೊಡಬೇಕು.

ಪ್ಲೆಟ್ ಕೇಳಲಿಲ್ಲ. ಅವರೂ ಆ ಉಗುರುಗಳನ್ನು ನೋಡಿದ್ದರು. ನೇಟ ತಾನೇ ಮುಂದೆ ಬಂದಳು. ಮುಖ ಕೆಂಪಗಾಗಿತ್ತು.

"ಮಾವ, ಒಡೆಯಲ್ಲ ಅನ್ನಿ. ಕೊಡ್ತೀನಿ."

"ಹಾಗನ್ನಲಾರೆ ಮಗಳೇ. ಸಭೆ ಒಡೀಬೇಕು ಅಂದಿದೆ. ನಾನು ಒಡೀತೀನಿ. ಅದಕ್ಕೆ ಮುಂಚೆ ಒಂದು ಸಲ ನೋಡ್ತೀನಿ."

"ಹಾಗಾದ್ರೆ ಕೊಡಲ್ಲ! ಏನು ಬೇಕಾದ್ರೂ ಮಾಡಿ. ನಂಗೆ ದೀಕ್ಷಾಸ್ನಾನಾನೂ ಬೇಡ, ನಿಮ್ಮ ಸಭೆನೂ ಬೇಡ!"

"ನೇಟ!" ಆರೊನ್ ಅವಳ ತೋಳು ಹಿಡಿದ. ಕೈಯೆತ್ತಿದರೂ ಎತ್ತಿಯಾನು ಅನ್ನುವ ಹಾಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಅವಳು ಇವರ ತಂಗಿ ಕಣಮ್ಮ. ನಾನು ದಿನಾ ನೋಡಿದ್ದೀನಿ. ಇವರು ಒಂದು ಸಲಾನೂ ನೋಡಿಲ್ಲ."

ನೇಟ ಅಪ್ಪನನ್ನು ನೋಡಿದಳು, ಮಾವನನ್ನು ನೋಡಿದಳು. ತುಟಿ ಕಚ್ಚಿಕೊಂಡು ಹಿತ್ತಲ ಬಾಗಿಲು ತೆಗೆದಳು.

ಹಿತ್ತಲಲ್ಲಿ ಕೋಸಿನ ಸಸಿಮಡಿ ಇತ್ತು. ಚಳಿನಾಡಲ್ಲಿ ಸಸಿ ಏಳಬೇಕಾದರೆ ಕೆಳಗೆ ಹಸಿ ಕುದುರೆ ಲದ್ದಿ ತುಂಬಿ, ಮೇಲೆ ಮಣ್ಣು ಹರಡಿ, ಗಾಜಿನ ಬಾಗಿಲು ಮುಚ್ಚುತ್ತೇವೆ; ಲದ್ದಿ ಕುದ್ದು ಒಳಗೆ ಬೇಸಿಗೆಯಾಗುತ್ತದೆ. ಯಾರು ಹುಡುಕಿಯಾರು ಅಲ್ಲಿ? ಆರೊನ್ ಅದನ್ನು ದೂರದಿಂದ ಕಂಡವನೇ ನಿಂತುಬಿಟ್ಟ. ಬಿಸಿಲು ಅದರ ಮೇಲೆ ಬಿದ್ದಿತ್ತು. ಬಾಗಿಲ ಗಾಜಿನ ಒಳಮೈ ಪೂರ್ತಿ ಬೆವರಿ ನೀರು ಇಳಿಯುತ್ತಿತ್ತು.

"ನೇಟ," ಅಂದ. "ಅದರೊಳಗಾ?"

"ಏಪ್ರನ್ನಲ್ಲಿ ಸುತ್ತಿಟ್ಟಿದ್ದೀನಪ್ಪ. ಮಣ್ಣು ತಾಕಿಲ್ಲ."

ಅವಳು ಬಾಗಿಲು ಎತ್ತಿದಳು. ಘಾಟು ಹಬೆ ಮುಖಕ್ಕೆ ಹೊಡೆಯಿತು. ಮೂಲೆಯಿಂದ ಒದ್ದೆಯಾಗಿ ಬೆಚ್ಚಗಾಗಿದ್ದ ಏಪ್ರನ್ ತೆಗೆದು ಬಿಚ್ಚಿದಳು. ಗಾಜು ಇತ್ತು. ಅದರ ಮೈಮೇಲಿನ ತೆಳು ಪದರ, ಯುಸ್ಟೀನಾಳ ಮುಖ ಇದ್ದ ಪದರ, ಹಬೆಗೆ ಕರಗಿ ಕೆಳಗೆ ಜಾರಿ, ಹಾಲಿನ ಕೆನೆಯ ಹಾಗೆ ಒಂದು ಅಂಚಿಗೆ ಮುದುಡಿ ಕೂತಿತ್ತು. ಅರ್ಧ ಬಟ್ಟೆಗೆ ಅಂಟಿಕೊಂಡಿತ್ತು.

ನೇಟಳಿಗೆ ಮೊದಲು ಅರ್ಥವಾಗಲಿಲ್ಲ. "ಎಲ್ಲಿ? ಅಪ್ಪ, ಅಮ್ಮ ಎಲ್ಲಿ?" ಅಂತ ಗಾಜನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅರ್ಥವಾದಾಗ ಅವಳು ಕೂಗಿದ ಕೂಗಿಗೆ ಕೋಳಿಗಳು ಚದುರಿ ಓಡಿದವು.

ಪ್ಲೆಟ್ ಕೈಯಲ್ಲಿ ಆ ಶಾಲು ಇನ್ನೂ ಇತ್ತು. ಆರೊನ್ ಗಾಜನ್ನು ತೆಗೆದು ಶಾಲಿನ ಮೇಲಿಟ್ಟ, ಬುದ್ಧಿಗೆ ಗೊತ್ತಿದ್ದರೂ ಕೈ ಕೇಳಬೇಕಲ್ಲ. ವಾಲಿಸಿದ. ಆ ಕಡೆ ವಾಲಿಸಿದ. ಕಾಫಿ ಪಾತ್ರೆಯ ಮೂತಿ ಒಂದಿಷ್ಟು ಉಳಿದಿತ್ತು. ಮಗಳ ಮೇಲೆ ಉರಿಯುವಷ್ಟು ಸಿಟ್ಟು ಬಂತು, ಮರುಗಳಿಗೆಯೇ ಅವಳು ಕೆಸರಲ್ಲಿ ಮಂಡಿಯೂರಿ ಅಳುವುದನ್ನು ಕಂಡು ಸಿಟ್ಟೆಲ್ಲಾ ಇಳಿಯಿತು. "ಏಳು," ಅಂದ. "ಏಳಮ್ಮ. ನಂಗೆ ಸುಳ್ಳು ತಪ್ಪಿಸೋಕೆ ಹೋದೆ. ಏಳು."

ಪ್ಲೆಟ್ ಸಸಿಮಡಿಯ ಮರದ ಅಂಚಿನ ಮೇಲೆ ಕುಸಿದು ಕೂತರು. ಒಡೆಯಲು ಬಂದ ಕೈ ಎರಡೂ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ನೇಟಳ ತಲೆವಸ್ತ್ರ ಜಾರಿ ಕೂದಲು ಕೆನ್ನೆಗೆ ಅಂಟಿತ್ತು. ಅವರು ಅವಳನ್ನೇ ನೋಡುತ್ತಿದ್ದರು, ನೋಡುತ್ತಲೇ ಇದ್ದರು.

"ಸಿಟ್ಟಲ್ಲಿ ಅತ್ರೆ ಅವಳಿಗೂ ಹೀಗೇ ಮೂಗಿನ ತುದಿ ಮಾತ್ರ ಕೆಂಪಾಗ್ತಿತ್ತು," ಅಂದರು. "ಈಗ ಬಂತು. ಈಗ ನೆನಪಿಗೆ ಬಂತು," ಅಂದರು.

ಮನೆಯ ಮುಂಬದಿಯಿಂದ ವೀಬೆಯ ಕೂಗು: "ಹಿರಿಯರೇ, ಆಯ್ತಾ?"

"ಇನ್ನೂ ಇಲ್ಲ!" ಅಂತ ಗದರಿ, ಪ್ಲೆಟ್ ಎದ್ದರು. ಕೋಟು ಕೊಡವಿಕೊಂಡರು. ದನಿ ಮತ್ತೆ ಸಭಾಹಿರಿಯರ ದನಿಯಾಯಿತು. "ಆರೊನ್, ನಿನ್ನ ಮನೇಲಿ ಬದುಕಿರೋರ ಮುಖ ಇರೋ ಗಾಜು ಇಲ್ಲ. ನಾನೇ ಕಣ್ಣಾರೆ ಕಂಡೆ. ನಾಳೆ ಕೂಟದಲ್ಲಿ ಅದನ್ನೇ ಹೇಳ್ತೀನಿ. ನಿನ್ನನ್ನ ಕೇಳೋದು ಇವತ್ತಿಗೆ ಮುಗೀತು. ಇನ್ಮೇಲೆ ಯಾರೂ ಕೇಳೋದಿಲ್ಲ."

"ಆಗ್ಲಿ, ಹಿರಿಯರೇ."

"ಆ ನಿನ್ನ ಕ್ಯಾಮೆರಾದಲ್ಲಿ ಗಾಜು ಇದೆಯಾ?"

ಆರೊನ್ ಬೆಪ್ಪಾಗಿ ನಿಂತ. "ಇದೆ."

"ನಾನು ಈ ಬೇಲಿಯಾಚೆ ಹೊಲ ನೋಡ್ಬೇಕು," ಅಂದರು ಪ್ಲೆಟ್. "ಈ ವರ್ಷ ನೀರು ಎಲ್ಲಿವರೆಗೆ ನಿಂತಿದೆ ಅಂತ. ಸ್ವಲ್ಪ ಹೊತ್ತು ಬೇಕಾಗತ್ತೆ. ನಾನು ನೋಡದೆ ಇದ್ದದ್ದನ್ನ ನನ್ನನ್ನ ಯಾರೂ ಕೇಳಲಾರರು." ಹಾಗಂದು ಅವರು ಬೇಲಿಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು, ಆ ಅಗಲ ಬೆನ್ನನ್ನು ಇವರಿಬ್ಬರ ಕಡೆ ತಿರುಗಿಸಿ ನಿಂತುಬಿಟ್ಟರು. ಊರಿನವರೆಲ್ಲಾ ಆರೊನ್‌ನ ಎದುರು ನಿಲ್ಲುತ್ತಿದ್ದ ಹಾಗೆಯೇ.

ಆರೊನ್ ಓಡಿದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಕೆಸರಲ್ಲಿ ಗೂಟ ಊರಿದ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ, ಹೊರಗೆ ತೆಗೆದ. ನೇಟ ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ನಿಂತಿದ್ದಳು.

"ನೇಟ," ಅಂದ. ಜೀವಮಾನದಲ್ಲಿ ಒಂದು ಸಲವೂ ಆಡದ ಮಾತನ್ನು ಆಡಿದ: "ಈ ಕಡೆ ತಿರುಗು."

ಅವಳು ತಿರುಗಿದಳು. ಮೂಗಿನ ತುದಿ ಕೆಂಪಗೆ, ಕಣ್ಣು ಊದಿಕೊಂಡು, ನೇರ ಅ‍ಪ್ಪನನ್ನೇ ನೋಡಿದಳು. ಆಚೆ ವೀಬೆ ಇನ್ನೊಂದು ಸಲ ಕೂಗಿದ. ಬೇಲಿಯ ಹತ್ತಿರದ ಬೆನ್ನು ಅಲುಗಲಿಲ್ಲ.

ಆ ಚಿತ್ರ ಕಾಗದಕ್ಕೂ ಇಳಿಯಿತು. ಇದರ ಬಗ್ಗೆ ಆರೊನ್ ಯಾರಿಗೂ ಮಾತು ಕೊಟ್ಟಿರಲಿಲ್ಲ. ನೇಟಳ ದೀಕ್ಷಾಸ್ನಾನ ಅದೇ ಹಬ್ಬಕ್ಕೆ ಆಯಿತು, ನೀರು ಹೊಯ್ದದ್ದು ಮಾವನೇ. ಎಷ್ಟೋ ವರ್ಷದ ಮೇಲೆ, ಸಭೆಯ ಕಟ್ಟು ಸಡಿಲವಾಗಿ ಗೋಡೆ ಮೇಲೆ ಚಿತ್ರ ಹಾಕುವ ಕಾಲ ಬಂದಾಗ, ಅವಳು ಅದನ್ನು ಗಡಿಯಾರದ ಕೆಳಗೆ ತೂಗುಹಾಕಿದಳು. ಬಂದವರೆಲ್ಲಾ ನೋಡಿ ಕೇಳುತ್ತಿದ್ದರು: "ಈ ಹುಡುಗಿ ನೀವೇ ಅಂತ ಗೊತ್ತಾಯ್ತು ಅಜ್ಜಿ. ಹಿಂದೆ ಇದ್ಯಾರು, ಮರ್ಯಾದೆ ಇಲ್ದೆ ಬೆನ್ನು ತೋರಿಸ್ಕೊಂಡು ನಿಂತಿರೋನು?"

"ನಮ್ಮ ಸೋದರಮಾವ," ಅನ್ನುತ್ತಿದ್ದಳು ನೇಟ. "ಅಮ್ಮನ್ನ ನೋಡೋಕೆ ಬಂದಿದ್ರು."